ನ್ಯಾನ್ ಆಲ್ಮಾಳ ಹೊಲದ ಬಿಯರು

ಪಕ್ಕದ ಮನೆಯ ಕ್ಲೆಮ್ ಪೆನ್‌ರೋಸ್‌ನ ಕಷ್ಟ ಮೊದಲು ಗೊತ್ತಾದದ್ದು ನನ್ನ ಕೋಳಿಗಳಿಗೆ. ಕ್ಲೆಮ್ ಶನಿವಾರ ಬಂತೆಂದರೆ ಹಿತ್ತಲಿನಲ್ಲಿ ಬಿಯರು ಮಾಡಲು ನಿಲ್ಲುವ ಮನುಷ್ಯ. ಕೆಲಸ ಮುಗಿದ ಮೇಲೆ ಉಳಿದ ಬಾರ್ಲಿಯ ಚರಟವನ್ನು ಬಕೆಟ್ಟಿಗೆ ತುಂಬಿ ಬೇಲಿಯ ಮೇಲಿಂದ ನನಗೆ ದಾಟಿಸುತ್ತಾನೆ. ನನ್ನ ಕೋಳಿಗಳು ಅದನ್ನು ಕೆದಕಿ, ಒಂದಿಷ್ಟು ತಿಂದು, ಮಿಕ್ಕದ್ದನ್ನು ಕಾಲಲ್ಲಿ ಚೆಲ್ಲಾಡಿ ಹೋಗುತ್ತಿದ್ದವು. ಆದರೆ ಆ ವರ್ಷ ಚಳಿಗಾಲ ಮುಗಿಯುತ್ತ ಬಂದಾಗ ನೋಡುತ್ತೇನೆ, ಬಕೆಟ್ಟು ಕಂಡರೆ ಸಾಕು, ಓಡಿ ಬಂದು ಒಂದರ ಮೇಲೊಂದು ಬೀಳುತ್ತಿವೆ. ಎಲ್ಲವೂ ಮೈ ತುಂಬಿಕೊಂಡು ಹೊಳೆಯತೊಡಗಿದವು. ಕಾಳಿನ ಸತ್ವ ಬಿಯರಿಗೆ ಇಳಿಯದೆ ಚರಟದಲ್ಲೇ ಉಳಿಯುತ್ತಿತ್ತು, ಅದು ನನ್ನ ಕೋಳಿಗಳ ಹೊಟ್ಟೆಗೆ ಹೋಗುತ್ತಿತ್ತು. ನನಗೇನೂ ಬೇಸರವಿರಲಿಲ್ಲ. ಬೇಸರವಾದದ್ದು ಕ್ಲೆಮ್‌ಗೆ.

ನಮ್ಮ ಬಂದರೂರು ಪೋರ್ಟ್ ಟ್ರೆವಿನ್‌ನಲ್ಲಿ ಕ್ಲೆಮ್‌ನನ್ನು ಅರಿಯದವರಿಲ್ಲ. ನಿವೃತ್ತನಾಗುವ ತನಕ ಬಂದರಿನ ಧಾನ್ಯದ ಗೋದಾಮಿನಲ್ಲಿ ಬಾರ್ಲಿಯ ದರ್ಜೆ ಹೇಳುವುದು ಅವನ ಕೆಲಸ. ಕೊಯ್ಲಿನ ದಿನಗಳಲ್ಲಿ ರೈತರ ಲಾರಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಇವನು ಅಟ್ಟದ ಮೇಲೆ ನಿಂತು ಉದ್ದನೆಯ ಕೊಳವೆಯನ್ನು ಕಾಳಿನ ರಾಶಿಗೆ ಇಳಿಸಿ, ತೆಗೆದು, ಜರಡಿಯಾಡಿಸಿ, ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಡಿದು ನೋಡಿ, ಮೊದಲು ರೈತನ ಮನೆತನದ ಹೆಸರು, ಆಮೇಲೆ ದರ್ಜೆ ಕೂಗುತ್ತಿದ್ದ. ಕಾಳು ಸಾಗಿಸುವ ಯಂತ್ರದ ಗದ್ದಲ ಮೀರಬೇಕಲ್ಲ, ಹಾಗಾಗಿ ಅವನ ಗಂಟಲು ಊರಿಗೆಲ್ಲ ಕೇಳುವಷ್ಟು ದೊಡ್ಡದಾಯಿತು. "ಮಾಲ್ಟ್ ಒಂದು!" ಎಂದರೆ ಒಂದನೇ ದರ್ಜೆ, ಬಿಯರಿಗೆ ಯೋಗ್ಯವಾದ ಕಾಳು, ಒಳ್ಳೆಯ ಬೆಲೆ. "ಮೇವು!" ಎಂದರೆ ಹಂದಿ ಕೋಳಿಗಳ ಪಾಲು. ಕುಡಿಸಿದರೂ ಬೈದರೂ ಅವನು ಹೇಳಿದ ದರ್ಜೆ ಬದಲಾಗುತ್ತಿರಲಿಲ್ಲ.

ಅವನ ಜೀವದ ಗೆಳೆಯ ಡೆಸ್ ಹೈನ್‌ರಿಕ್‌ಗೂ ಬದಲಾಗಲಿಲ್ಲ. ಹೈನ್‌ರಿಕ್ ಮನೆಯವರದು ಊರ ಹೊರಗೆ ದೊಡ್ಡ ಜಮೀನು. ಅದರಲ್ಲಿ ಮನೆಯ ಮುಂದಿನ ಹೊಲವೊಂದಿದೆ, ಡೆಸ್‌ನ ಅಪ್ಪ ಕಾರ್ಲ್ ಕಲ್ಲು ಆರಿಸಿ ಆರಿಸಿ ಕೈಯಾರೆ ಹಸನು ಮಾಡಿದ್ದು. ಕಾರ್ಲ್ ಬದುಕಿರುವ ತನಕ ಪ್ರತಿ ಕೊಯ್ಲಿಗೂ ಆ ಹೊಲದ ಬಾರ್ಲಿಯನ್ನು ಬೇರೆಯದರ ಜೊತೆ ಬೆರೆಸದೆ ಪ್ರತ್ಯೇಕ ಲಾರಿಯಲ್ಲಿ ತರುತ್ತಿದ್ದ. ಪ್ರತಿ ಸಲವೂ ಕ್ಲೆಮ್ ಕಡಿದು ನೋಡಿ "ಹೈನ್‌ರಿಕ್! ಮೇವು!" ಎಂದೇ ಕೂಗುತ್ತಿದ್ದ. ಕಾರ್ಲ್ ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದ, ಮರುವರ್ಷ ಮತ್ತೆ ಬರುತ್ತಿದ್ದ.

ಕಾರ್ಲ್‌ನ ಹೆಂಡತಿ ಆಲ್ಮಾ ಇನ್ನೂ ಗಟ್ಟಿಯಾಗಿದ್ದಾಳೆ. ಅವಳು ಊರಿಗೆಲ್ಲ ನ್ಯಾನ್, ಅಂದರೆ ಅಜ್ಜಿ. ತೊಂಬತ್ತು ತುಂಬುವ ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಮಗ ಕೇಳಿದಾಗ ಅವಳು ಕಿಟಕಿಯಿಂದ ಹೊಲ ತೋರಿಸಿದಳಂತೆ.

"ನಾನು ಮದುವೆಯಾಗಿ ಬಂದಾಗಿನಿಂದ ನೋಡ್ತಾನೇ ಇದೀನಿ. ಬಿತ್ತುತ್ತೀರಿ, ಕೊಯ್ತೀರಿ, ಲಾರಿ ಬರುತ್ತೆ, ಹಡಗಿಗೆ ಹೋಗುತ್ತೆ. ಆಮೇಲೆ ಯಾರು ಕುಡಿದ್ರೋ, ಯಾವ ಹಂದಿ ತಿಂತೋ, ನಂಗಂತೂ ಗೊತ್ತಿಲ್ಲ. ಆ ಹೊಲದ್ದು ಒಂದು ಗ್ಲಾಸು ಬಿಯರು ಕುಡೀಬೇಕು ಕಣೋ, ಡೆಸ್. ಅಷ್ಟೇ."

ಡೆಸ್ ಮಾತು ಕೊಟ್ಟ. ಕ್ಲೆಮ್ ಎದೆ ತಟ್ಟಿಕೊಂಡು "ನಂಗೆ ಬಿಡು" ಎಂದ. ಡೆಸ್ ಆ ಹೊಲದ ಹಿಂದಿನ ಕೊಯ್ಲಿನ ಬಾರ್ಲಿಯನ್ನು ಹಳೆಯ ಸ್ನಾನದ ತೊಟ್ಟಿಯಲ್ಲಿ ನೆನೆಸಿ, ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನ ನೆಲದ ಮೇಲೆ ಹರಡಿ ಮೊಳಕೆ ಬರಿಸಿ, ದಿನಾ ಸಲಿಕೆಯಲ್ಲಿ ತಿರುವಿಹಾಕಿ, ಕೊನೆಗೆ ಬಟ್ಟೆ ಒಣಗಿಸುವ ಹಳೇ ಯಂತ್ರದಲ್ಲಿ ಒಣಗಿಸಿ ಮಾಲ್ಟ್ ಮಾಡಿದ. ಅವನ ಹೆಂಡತಿಯ ಟವೆಲ್ಲುಗಳು ಇವತ್ತಿಗೂ ಬಿಸ್ಕತ್ತಿನ ವಾಸನೆ ಹೊಡೆಯುತ್ತವೆ.

ಹುಟ್ಟುಹಬ್ಬಕ್ಕೆ ಮೊದಲು ಕ್ಲೆಮ್ ಆ ಮಾಲ್ಟಿನಲ್ಲಿ ಸ್ವಲ್ಪ ಸ್ವಲ್ಪ ತೆಗೆದುಕೊಂಡು ಪರೀಕ್ಷೆಗೆ ಬಿಯರು ಮಾಡುತ್ತ ಬಂದ. ಅವನ ಕ್ರಮ ನನಗೆ ಬಾಯಿಪಾಠವಾಗಿಬಿಟ್ಟಿದೆ, ಅಷ್ಟು ಸಲ ಬೇಲಿಗೆ ಒರಗಿ ಕೊರೆದಿದ್ದಾನೆ. ಮಾಲ್ಟನ್ನು ಒಡೆಯಬೇಕು. ಪರದೆ ಬಟ್ಟೆಯಲ್ಲಿ ಹೊಲಿದ ಚೀಲಕ್ಕೆ ಹಾಕಿ, ಕೈ ಇಡಲಾಗದಷ್ಟು ಬಿಸಿಯಿದ್ದರೂ ಕುದಿಯದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಆಗ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ, ಆ ಸಿಹಿನೀರೇ ಆಮೇಲೆ ಹುದುಗಿ ಬಿಯರಾಗುತ್ತದೆ. ಎಷ್ಟು ಇಳಿಯಿತು ಎಂದು ನೋಡಲು ಗಾಜಿನದೊಂದು ತೇಲುಕಡ್ಡಿ ಇದೆ. ನೀರು ಸಿಹಿಯಾದಷ್ಟೂ ಅದು ಮೇಲೆ ನಿಲ್ಲುತ್ತದೆ. ಕಾಳಿನಲ್ಲಿರುವ ಸಕ್ಕರೆಯಲ್ಲಿ ಮುಕ್ಕಾಲು ಪಾಲಾದರೂ ನೀರಿಗೆ ಬಂದರೆ ಕ್ಲೆಮ್ ಶಿಳ್ಳೆ ಹಾಕುತ್ತ ಓಡಾಡುತ್ತಿದ್ದ. ಈಗ ಅರ್ಧವೂ ಬರುತ್ತಿರಲಿಲ್ಲ. ಬಿಯರು ನೀರು ನೀರಾಗಿ, ಮೇಲಿಂದ ನಾಲಿಗೆಗೆ ಒಗರಾಗಿ ಹಿಡಿಯುತ್ತಿತ್ತು.

ಶಿಳ್ಳೆ ನಿಂತುಹೋಯಿತು. ಅವನು ಪಟ್ಟ ಪಾಡು ನೋಡಿ ನಾನು ನಕ್ಕದ್ದೂ ಉಂಟು, ಅಯ್ಯೋ ಎನಿಸಿದ್ದೂ ಉಂಟು. ಕಾಳು ಒಡೆಯುವ ಗಿರಣಿಯ ರೋಲರುಗಳನ್ನು ಒಂದಕ್ಕೊಂದು ಹತ್ತಿರ ತಂದು ಇನ್ನಷ್ಟು ನುಣ್ಣಗೆ ಒಡೆದ, ಸ್ವಲ್ಪ ಸುಧಾರಿಸಿತು. ಬಿಸಿ ಆರದಿರಲಿ ಎಂದು ಹೆಂಡತಿ ಡಾಟ್‌ಳ ಹೊಸ ರಜಾಯಿಯನ್ನು ಪಾತ್ರೆಗೆ ಸುತ್ತಿದ. ರಜಾಯಿ ಹಾಳಾಯಿತು, ಬಿಯರು ಹಾಗೇ ಇತ್ತು. ಕಾಳು ಗಂಟು ಕಟ್ಟದಂತೆ ದೋಣಿಯ ಹುಟ್ಟು ತಂದು ಕಲಕಿದ. ಚೀಲವನ್ನು ಬಟ್ಟೆ ಒಣಹಾಕುವ ಕಂಬಕ್ಕೆ ನೇತುಹಾಕಿ, ಬಿಸಿನೀರನ್ನು ಮೇಲಿಂದ ಸಣ್ಣಗೆ, ಎಲ್ಲ ಕಡೆ ಸಮನಾಗಿ ಬಿಟ್ಟು ತೊಳೆದ. ಕೊನೆಗೆ ರಬ್ಬರ್ ಕೈಗವಸು ಹಾಕಿಕೊಂಡು ಹಬೆಯಾಡುವ ಚೀಲವನ್ನೇ ತಬ್ಬಿ ಹಿಂಡತೊಡಗಿದ.

"ಡಾಟ್, ನಿನ್ ಗಂಡ ಯಾರನ್ನೋ ತಬ್ಕೊಂಡಿದ್ದಾನೆ ನೋಡೇ!" ಎಂದು ನಾನು ಬೇಲಿಯಿಂದ ಕೂಗಿದೆ.

"ತಬ್ಕೊಳ್ಲಿ ಬಿಡೇ ಲಾರೇನ್, ನಂಗಂತೂ ಬಿಡುವಾಯ್ತು!" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಪ್ರತಿಯೊಂದು ಉಪಾಯಕ್ಕೂ ತೇಲುಕಡ್ಡಿ ಕೂದಲೆಳೆಯಷ್ಟು ಏರುತ್ತಿತ್ತು, ಅಷ್ಟೇ. ಕ್ಲೆಮ್ ಎಲ್ಲವನ್ನೂ ಅನುಮಾನಿಸಿದ, ನೀರೊಂದನ್ನು ಬಿಟ್ಟು. ನೀರನ್ನು ಹೇಗೆ ಅನುಮಾನಿಸಿಯಾನು? ನಮ್ಮಲ್ಲಿ ಒಬ್ಬನ ಚರ್ಚನ್ನು, ಫುಟ್‌ಬಾಲ್ ತಂಡವನ್ನು, ಹೆಂಡತಿಯ ಕೈಯಡುಗೆಯನ್ನು ಬೇಕಾದರೂ ಆಡಿಕೊಳ್ಳಬಹುದು, ಅವನ ಸೂರಿನಿಂದ ಇಳಿದ ಮಳೆನೀರನ್ನು ಆಡಿಕೊಳ್ಳುವಂತಿಲ್ಲ. ನಲ್ಲಿ ನೀರು ಕಾರು ತೊಳೆಯಲು, ಮಳೆನೀರು ಬಾಯಿಗೆ ಎಂಬುದು ನಾವು ಹುಟ್ಟಿದಾಗಿನಿಂದ ಕಲಿತದ್ದು. ಅದರಲ್ಲೂ ಕ್ಲೆಮ್ ತುಕ್ಕು ಹಿಡಿದ ಹಳೆಯ ತಗಡಿನ ತೊಟ್ಟಿಯನ್ನು ತೆಗೆಸಿ, ಆ ವರ್ಷವೇ ಹೊಸ ಕಾಂಕ್ರೀಟು ತೊಟ್ಟಿ ಕಟ್ಟಿಸಿದ್ದ. ನಮ್ಮಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ, ಆ ಮಳೆಗೆ ಅದು ಕಂಠದ ತನಕ ತುಂಬಿತ್ತು. ಮನೆಗೆ ಬಂದವರನ್ನೆಲ್ಲ ಮೊದಲು ಅಲ್ಲಿಗೆ ಕರೆದೊಯ್ದು ಗೋಡೆ ತಟ್ಟಿ ತೋರಿಸುತ್ತಿದ್ದ.

ಗಿರಣಿ ಸರಿ, ಬಿಸಿ ಸರಿ, ಚೀಲ ಸರಿ ಎಂದಮೇಲೆ ಉಳಿದದ್ದು ಮಾಲ್ಟ್ ಒಂದೇ. ಒಂದು ಶುಕ್ರವಾರ ಸಂಜೆ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರೂ ಸೇರಿದ್ದಾಗ ಡೆಸ್ ಅವನ ಪಕ್ಕ ಬಂದು ಕೂತ.

"ಏನಯ್ಯಾ, ಅಮ್ಮನ ಬಿಯರು ಎಲ್ಲೀ ತನಕ ಬಂತು?"

"ಎಲ್ಲಿಗೂ ಬಂದಿಲ್ಲ ಮಾರಾಯ. ನಾನು ಮಾಡೋದೆಲ್ಲ ಮಾಡ್ದೆ. ಸಿಹಿ ಬಿಡ್ತಾ ಇಲ್ಲ."

"ಯಾಕಂತೆ?"

ಆಗ ಕ್ಲೆಮ್, ಎರಡು ಗ್ಲಾಸು ಇಳಿಸಿದ್ದವನು, ಹಳೆಯ ಅಭ್ಯಾಸದ ಗಂಟಲಿನಲ್ಲಿ ಇಡೀ ಕ್ಲಬ್ಬಿಗೆ ಕೇಳುವ ಹಾಗೆ ಕೂಗಿದ: "ಹೈನ್‌ರಿಕ್! ಮೇವು!"

ನಾಲ್ಕು ಜನ ನಕ್ಕರು. ಡೆಸ್ ನಗಲಿಲ್ಲ. ಗೋದಾಮಿನಲ್ಲಿ ಕೂಗುತ್ತಿದ್ದಾಗ ಅದು ಕೆಲಸ. ಇದು ಅವನು ತನ್ನ ಕೈಯಾರೆ ಮೊಳಕೆ ಬರಿಸಿದ ಕಾಳು, ಅಪ್ಪ ಹಸನು ಮಾಡಿದ ಹೊಲದ್ದು, ಅಮ್ಮ ಬಾಯಿಬಿಟ್ಟು ಕೇಳಿದ್ದು. ಅವನು ಅರ್ಧ ತುಂಬಿದ್ದ ಗ್ಲಾಸನ್ನು ಅಲ್ಲೇ ಇಟ್ಟು ಎದ್ದು ಹೋದ. ನಮ್ಮೂರಿನಲ್ಲಿ ಗಂಡಸೊಬ್ಬ ಗ್ಲಾಸು ಖಾಲಿ ಮಾಡದೆ ಹೋದರೆ ಅದು ಬೆಳಗಾಗುವುದರೊಳಗೆ ಎಲ್ಲರ ಬಾಯಲ್ಲೂ ಇರುತ್ತದೆ.

ಆಮೇಲೆ ಡೆಸ್ ಫೋನು ಎತ್ತಲಿಲ್ಲ. ಎದುರು ಬದುರು ಗಾಡಿ ಬಂದಾಗ ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತುವುದು ಇಲ್ಲಿನ ಕ್ರಮ, ಗುರುತಿಲ್ಲದವರಿಗೂ ಎತ್ತುತ್ತೇವೆ. ಡೆಸ್ ಕ್ಲೆಮ್‌ಗೆ ಬೆರಳು ಎತ್ತುವುದನ್ನು ನಿಲ್ಲಿಸಿದ. ಕ್ಲೆಮ್ ಅದನ್ನು ನನಗೆ ಹೇಳುವಾಗ ಮುಖ ಇಷ್ಟು ಸಣ್ಣದು ಮಾಡಿಕೊಂಡಿದ್ದ.

"ತಮಾಷೆಗೆ ಅಂದೆ ಕಣೇ ಲಾರೇನ್."

"ಹಾಗಿದ್ರೆ ಅವನ ಹತ್ರ ಹೋಗಿ ತಪ್ಪಾಯ್ತು ಅನ್ನು."

"ತಪ್ಪಾಗಿಲ್ವಲ್ಲ! ಕಾಳಲ್ಲಿ ಸಿಹಿ ಇಲ್ಲ ಅಂದ್ರೆ ಇದೆ ಅಂತ ಹೆಂಗೆ ಹೇಳ್ಲಿ?"

ಇದೇ ಕ್ಲೆಮ್‌ನ ಗುಣ. ಸುಳ್ಳು ದರ್ಜೆ ಕೊಡಲು ಅವನ ನಾಲಿಗೆ ಹೊರಳುವುದಿಲ್ಲ, ಜೀವದ ಗೆಳೆಯ ಕೈಬಿಟ್ಟು ಹೋಗುತ್ತಿದ್ದರೂ. ನನಗೆ ಸಿಟ್ಟೂ ಬಂತು, ಅವನ ಮೇಲೆ ಪ್ರೀತಿಯೂ ಬಂತು.

ಈಗ ಡಾಟ್‌ಳ ವಿಷಯ ಹೇಳಬೇಕು. ಚಳಿಗಾಲದ ನಡುವಿನಿಂದ ಅವಳು ದಿನಾ ಬೆಳಿಗ್ಗೆ, ಕ್ಲೆಮ್ ಪತ್ರಿಕೆ ತರಲು ಹೋದ ಹೊತ್ತು ನೋಡಿಕೊಂಡು, ಬೇಲಿಯ ಮುರಿದ ಹಲಗೆಯ ಸಂದಿನಿಂದ ನನ್ನ ಹಿತ್ತಲಿಗೆ ನುಸುಳುತ್ತಿದ್ದಳು. ಕೈಯಲ್ಲಿ ದೊಡ್ಡ ಜಗ್ಗು. ನನ್ನದು ಅಜ್ಜನ ಕಾಲದ ತಗಡಿನ ತೊಟ್ಟಿ, ಅರ್ಧ ತುಕ್ಕು, ಅರ್ಧ ದೇವರ ದಯೆ. ಅದರಿಂದ ನೀರು ಹಿಡಿದುಕೊಂಡು ಹೋಗುತ್ತಿದ್ದಳು.

"ಆ ಹೊಸ ತೊಟ್ಟಿ ನೀರಲ್ಲಿ ಟೀ ಕುಡಿಯೋಕಾಗಲ್ಲ ಕಣೇ. ಅವನ ಹತ್ರ ಹೇಳ್ಬೇಡ. ಎಷ್ಟು ಆಸೆಯಿಂದ ಕಟ್ಟಿಸಿದ್ದಾನೆ, ಪಾಪ."

ನಾನು ಹೇಳಲಿಲ್ಲ. ನನಗೆ ಟೀ ಎಂದರೆ ಟೀ, ಬಿಯರು ಎಂದರೆ ಬಿಯರು. ಎರಡನ್ನೂ ಒಂದೇ ತೊಟ್ಟಿಗೆ ಜೋಡಿಸಿ ನೋಡುವ ಬುದ್ಧಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮಗ ಮತ್ತು ಕ್ಲೆಮ್ ಮಾತು ಬಿಟ್ಟ ಸುದ್ದಿ ನ್ಯಾನ್ ಆಲ್ಮಾಳ ಕಿವಿಗೂ ಬಿತ್ತು. ಒಂದು ಭಾನುವಾರ ಅವಳು ತನ್ನ ಹಳೆಯ ಕಾರನ್ನು ಆಮೆಯ ವೇಗದಲ್ಲಿ ಓಡಿಸಿಕೊಂಡು, ಹಿಂದೆ ಟ್ರ್ಯಾಕ್ಟರಿನವನೊಬ್ಬ ಶಪಿಸುತ್ತ ಬರುತ್ತಿದ್ದರೂ ಲೆಕ್ಕಿಸದೆ, ನೇರ ಕ್ಲೆಮ್‌ನ ಮನೆಗೆ ಬಂದಳು. ಡಾಟ್ ಚರ್ಚಿಗೆ ಹೋಗಿದ್ದಳು. ನಾನು ಮೊಟ್ಟೆ ಕೊಡಲು ಹೋದವಳು ಅಲ್ಲೇ ಉಳಿದೆ. ಇಂಥದ್ದನ್ನು ಬಿಟ್ಟು ಹೋಗುವ ಹೆಂಗಸು ನಾನಲ್ಲ.

"ಕೂತ್ಕೊಳ್ಳಿ ನ್ಯಾನ್, ಟೀ ಮಾಡ್ತೀನಿ" ಎಂದು ಕ್ಲೆಮ್ ಅಪರೂಪಕ್ಕೆ ತಾನೇ ಕೆಟಲಿಗೆ ನೀರು ತುಂಬಿದ.

ನ್ಯಾನ್ ಒಂದು ಗುಟುಕು ಕುಡಿದು ಕಪ್ಪನ್ನು ಕೆಳಗಿಟ್ಟಳು. "ಏನೋ ಇದು, ಬೂದಿ ಕದಡಿದ ನೀರು ಕಾಯಿಸಿ ಕೊಟ್ಟಿದ್ದೀಯಲ್ಲ?"

"ಮಳೆನೀರು, ನ್ಯಾನ್! ಹೊಸ ತೊಟ್ಟಿದು!"

"ತೊಂಬತ್ತು ವರ್ಷದಿಂದ ಮಳೆನೀರು ಕುಡೀತಿದೀನಿ. ಇದು ಮಳೆನೀರಲ್ಲ. ನೀನೇ ಕುಡ್ದು ನೋಡು."

ಕ್ಲೆಮ್ ಕುಡಿದ. ಟೀ ಕಪ್ಪಗೆ ಮಂಕಾಗಿತ್ತು, ಮೇಲೊಂದು ಕೆನೆಯಂಥ ಪೊರೆ ತೇಲುತ್ತಿತ್ತು. "ದಿನಾ ಇಂಥ ಟೀ ಕುಡಿಯಲ್ವಲ್ಲ ನಾನು" ಎಂದು ಕಪ್ಪಿನೊಳಗೇ ನೋಡುತ್ತ ನಿಂತ.

ಅಷ್ಟರಲ್ಲಿ ಚರ್ಚಿನಿಂದ ಬಂದ ಡಾಟ್, ಅಂಗಳದಲ್ಲಿ ನ್ಯಾನ್‌ಳ ಕಾರು ಕಂಡು, ಮುಂಬಾಗಿಲಿಗೆ ಬರುವ ಬದಲು ನನ್ನ ಹಿತ್ತಲಿಗೇ ಓಡಿದ್ದಳೆಂದು ಕಾಣುತ್ತದೆ. ತಲೆಯ ಮೇಲೆ ಚರ್ಚಿನ ಟೋಪಿ, ಕೈಯಲ್ಲಿ ತುಳುಕುವ ಜಗ್ಗು, ಹಿಂಬಾಗಿಲಿನಿಂದ ಒಳಗೆ ಬಂದವಳು ನಮ್ಮ ಮೂವರನ್ನೂ ನೋಡಿ ನಿಂತುಬಿಟ್ಟಳು.

"ಏನೇ ಅದು ಕೈಲಿ?" ಎಂದ ಕ್ಲೆಮ್.

"ಮೊಟ್ಟೆ" ಎಂದಳು ಡಾಟ್.

ಜಗ್ಗಿನಿಂದ ನೀರು ಚೆಲ್ಲಿ ಅವಳ ಬೂಟಿನ ಮೇಲೆ ಬಿತ್ತು. ನ್ಯಾನ್ ಆಲ್ಮಾ ನಗತೊಡಗಿದಳು, ನಕ್ಕು ನಕ್ಕು ಕೆಮ್ಮು ಬಂತು. ಬಚ್ಚಿಡಲು ಇನ್ನೇನೂ ಉಳಿಯಲಿಲ್ಲ. ಡಾಟ್ ಎಲ್ಲ ಹೇಳಿದಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನೇ ಕೇಳಿದಳು:

"ತೊಟ್ಟಿ ಕಟ್ಟಿದವನು ಏನಂದಿದ್ದ? ಹೊಸ ಸಿಮೆಂಟು ಸುಣ್ಣ ಬಿಡುತ್ತೆ, ಮೊದಲ್ನೇ ಸಲ ತುಂಬಿದ ನೀರನ್ನ ಪೂರ್ತಿ ಹೊರಗೆ ಬಿಟ್ಟುಬಿಡಿ ಅಂದಿರ್ಲಿಲ್ವಾ?"

"ಅಂದಿದ್ದ."

"ನೀನೇನಂದೆ?"

"ಹೂಂ ಅಂದೆ."

"ಬಿಟ್ಯಾ?"

ಕ್ಲೆಮ್ ಬಿಟ್ಟಿರಲಿಲ್ಲ. ಈ ಒಣ ನೆಲದಲ್ಲಿ ತುಂಬಿದ ತೊಟ್ಟಿಯನ್ನು ಯಾರು ಚೆಲ್ಲುತ್ತಾರೆ? ಸ್ನಾನದ ನೀರಿನಲ್ಲಿ ನಾಯಿ ತೊಳೆದು, ಅದೇ ನೀರನ್ನು ನಿಂಬೆ ಗಿಡಕ್ಕೆ ಹಾಕುವ ಜನ ನಾವು. ನಾನಾಗಿದ್ದರೂ ಹೂಂ ಎಂದು ಸುಮ್ಮನಾಗುತ್ತಿದ್ದೆ.

"ಸುಣ್ಣದ ನೀರಲ್ಲಿ ನಿನ್ ಟೀನೇ ಸರಿಯಾಗಿ ಇಳೀಲಿಲ್ಲ. ನನ್ ಬಾರ್ಲಿ ಹೆಂಗೋ ಸಿಹಿ ಬಿಡುತ್ತೆ?" ಎಂದಳು ನ್ಯಾನ್.

ಕ್ಲೆಮ್ ಎರಡು ಪಾತ್ರೆ ಒಲೆಯ ಮೇಲಿಟ್ಟ. ಒಂದಕ್ಕೆ ತನ್ನ ತೊಟ್ಟಿಯ ನೀರು, ಇನ್ನೊಂದಕ್ಕೆ ಡಾಟ್ ತಂದದ್ದು. ಎರಡಕ್ಕೂ ಡೆಸ್‌ನ ಮಾಲ್ಟ್ ಒಂದೇ ಅಳತೆ, ಒಂದೇ ಬಿಸಿ. ಗಂಟೆ ಕಾಯುವಾಗ ನ್ಯಾನ್ ನನ್ನ ನೀರಿನ ಟೀ ಎರಡು ಕಪ್ಪು ಕುಡಿದು, ನನ್ನ ಎರಡನೇ ಗಂಡನನ್ನು ನಾನು ಯಾಕೆ ಬಿಟ್ಟೆ ಎಂಬುದನ್ನೂ ಕೇಳಿ ತಿಳಿದುಕೊಂಡಳು. ಸೋಸಿ, ಆರಿಸಿ, ಕ್ಲೆಮ್ ತೇಲುಕಡ್ಡಿಯನ್ನು ಮೊದಲನೆಯದಕ್ಕೆ ಬಿಟ್ಟ. ಅದು ಎಂದಿನ ಹಾಗೆ ಮುಳುಗಿ ಕೂತಿತು. ಎರಡನೆಯದಕ್ಕೆ ಬಿಟ್ಟ. ಅದು ಮೇಲೆದ್ದು ನಿಂತಿತು. ನಾನು ಚಮಚದಲ್ಲಿ ನೆಕ್ಕಿದೆ. ಜೇನು ಕದಡಿದ ಹಾಗಿತ್ತು.

ಕ್ಲೆಮ್ ಕುರ್ಚಿಯಲ್ಲಿ ಕುಸಿದು ಕೂತ. "ಅಯ್ಯೋ, ಡೆಸ್‌ಗೆ ಏನಂದುಬಿಟ್ಟೆ" ಎಂದ. ಅವನ ಕಣ್ಣು ಒದ್ದೆಯಾದದ್ದನ್ನು ನಾನು ಮೊದಲ ಸಲ ನೋಡಿದೆ.

"ಅವನನ್ನ ನಾಳೆ ಬೆಳಿಗ್ಗೆ ಈ ಬೀದೀಲಿ ಕಳಿಸ್ತೀನಿ. ಏನ್ ಹೇಳ್ಬೇಕೋ ಯೋಚ್ನೆ ಮಾಡ್ಕೋ" ಎಂದು ನ್ಯಾನ್ ಎದ್ದಳು.

ಮಾರನೆಯ ದಿನ ಬೆಳಿಗ್ಗೆ ನೀರಿನ ಭೋರ್ಗರೆತ ಕೇಳಿ ನಾನು ಬೀದಿಗೆ ಓಡಿದೆ. ಕ್ಲೆಮ್ ತೊಟ್ಟಿಯ ಬುಡದ ವಾಲ್ವನ್ನು ಪೂರ್ತಿ ತಿರುಗಿಸಿ ಪಕ್ಕದಲ್ಲಿ ನಿಂತಿದ್ದ. ಇಡೀ ಚಳಿಗಾಲದ ಮಳೆ ಅಂಗಳ ದಾಟಿ, ರಸ್ತೆ ದಾಟಿ, ಪೋಸ್ಟ್ ಆಫೀಸಿನ ಮುಂದೆ ಹರಿಯುತ್ತಿತ್ತು. ಮಳೆಗಾಲ ಮುಗಿದಿತ್ತು, ಇನ್ನು ಬೇಸಿಗೆಯೆಲ್ಲ ಒಂದು ಹನಿ ಬರುವ ಭರವಸೆಯಿಲ್ಲ. ಜನ ಬಾಗಿಲಿಗೆ ಬಂದು ಬಾಯಿ ಬಿಟ್ಟು ನೋಡುತ್ತಿದ್ದರು. ಬೇಕರಿಯ ಹೆಂಗಸು ತಡೆಯಲಾರದೆ ಒಂದು ಬಕೆಟ್ಟು ತಂದು ಹಿಡಿದಳು.

ಡೆಸ್‌ನ ಗಾಡಿ ಬಂತು, ನೀರು ಕಂಡು ಗಕ್ಕನೆ ನಿಂತಿತು. ಕಿಟಕಿ ಇಳಿಯಿತು.

"ಹುಚ್ಚು ಹಿಡೀತೇನೋ ನಿಂಗೆ? ನೀರು! ನೀರು ಕಣೋ!"

ಕ್ಲೆಮ್ ಬಗ್ಗಿ, ಹರಿಯುವ ನೀರಿನಲ್ಲಿ ಬೊಗಸೆ ತುಂಬಿ, ಗೋದಾಮಿನಲ್ಲಿ ಕಾಳು ಕಡಿಯುತ್ತಿದ್ದ ಹಾಗೆಯೇ ಮುಂದಿನ ಹಲ್ಲಿಗೆ ತಾಗಿಸಿ ರುಚಿ ನೋಡಿದ. ಆಮೇಲೆ ಬೀದಿಯ ತುದಿಯ ತನಕ ಕೇಳುವ ಹಾಗೆ ತನ್ನದೇ ಮನೆತನದ ಹೆಸರು ಹಿಡಿದು ಕೂಗಿದ:

"ಪೆನ್‌ರೋಸ್! ಮೇವು!"

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಡೆಸ್‌ಗೆ ಮಾತ್ರ ತಿಳಿಯಿತು. ಅವನು ಎಂಜಿನ್ನು ಆರಿಸಿದ, ಇಳಿದು ಬಂದ, ಬೂಟು ನೆನೆಯುತ್ತಿದ್ದರೂ ಕ್ಲೆಮ್‌ನ ಪಕ್ಕ ನಿಂತ. ಇಬ್ಬರೂ ಜೇಬಿನಲ್ಲಿ ಕೈ ಹಾಕಿಕೊಂಡು ನೀರು ಹರಿಯುವುದನ್ನು ನೋಡುತ್ತಿದ್ದರು.

"ತಪ್ಪಾಯ್ತು ಕಣೋ" ಎಂದ ಕ್ಲೆಮ್, ನೀರಿನ ಕಡೆಗೇ ನೋಡುತ್ತ.

"ಶೆಡ್ಡಿನ ಹಿಂದೆ ನನ್ನ ತಗಡಿನ ತೊಟ್ಟಿ ತುಂಬಿದೆ. ನಾಳೆ ಟ್ಯಾಂಕರಲ್ಲಿ ತಂದ್‌ಕೊಡ್ತೀನಿ" ಎಂದ ಡೆಸ್. ಗಾಡಿ ಹತ್ತಿ ಹೊರಡುವಾಗ ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತಿದ.

ಆ ಶನಿವಾರ ಮಾಡಿದ ಬಿಯರಿಗೆ ಕ್ಲೆಮ್ ಕಲಿತ ಉಪಾಯಗಳನ್ನೆಲ್ಲ ಹಾಕಿದ: ನುಣ್ಣಗೆ ಒಡೆದದ್ದು, ಕಲಕಿದ್ದು, ನಿಧಾನ ತೊಳೆದದ್ದು. ಈ ಸಲ ನೀರು ಡೆಸ್‌ನದು. ಸಂಜೆಗೆ ಬೇಲಿಯಾಚೆ ಶಿಳ್ಳೆ ಕೇಳಿತು. ನನ್ನ ಕೋಳಿಗಳು ಬಕೆಟ್ಟಿಗೆ ಓಡಿ ಬಂದವು, ಒಂದು ಸಲ ಕುಕ್ಕಿದವು, ತಲೆ ಓರೆ ಮಾಡಿ ನನ್ನನ್ನೇ ನೋಡಿದವು. ಅವುಗಳ ಸುಗ್ಗಿ ಮುಗಿದಿತ್ತು.

ಹುಟ್ಟುಹಬ್ಬ ಹೈನ್‌ರಿಕ್‌ರ ಶೆಡ್ಡಿನಲ್ಲಿ ನಡೆಯಿತು. ಬಾಗಿಲು ಪೂರ್ತಿ ತೆರೆದಿತ್ತು, ಹೊರಗೆ ಆ ಹೊಲ ಕೊಯ್ಲಿಗೆ ಬಂದು ಹಳದಿಯಾಗಿ ನಿಂತಿತ್ತು, ಅದರಾಚೆ ದಿಬ್ಬದ ಮೇಲೆ ಚರ್ಚಿನ ಸಮಾಧಿಗಳು. ಡೆಸ್ ಗ್ಲಾಸು ತುಂಬಿ ಅಮ್ಮನ ಕೈಗೆ ಕೊಟ್ಟ. ಬಿಯರು ಹೊಲದ್ದೇ ಬಣ್ಣ. ನ್ಯಾನ್ ಆಲ್ಮಾ ಕುಡಿದಳು, ನಿಲ್ಲಿಸದೆ ಅರ್ಧ ಗ್ಲಾಸು. ತುಟಿಯ ಮೇಲಿನ ನೊರೆ ಒರೆಸಿಕೊಳ್ಳಲಿಲ್ಲ.

"ಹಡಗಿನವರು ವರ್ಷ ವರ್ಷ ಯಾಕೆ ಬರ್ತಿದ್ರು ಅಂತ ಈಗ ಗೊತ್ತಾಯ್ತು" ಎಂದಳು. ಎಲ್ಲರೂ ನಕ್ಕರು. ಅವಳು ಕ್ಲೆಮ್‌ನನ್ನು ಹುಡುಕಿ ನೋಡಿದಳು. "ಏನೋ, ಕಡಿದು ನೋಡಿದ್ಯಾ? ದರ್ಜೆ ಹೇಳು. ನನ್ನ ವಯಸ್ಸು ನೋಡಿ ಹೇಳ್ಬೇಡ, ತೇಲುಕಡ್ಡಿ ನೋಡಿ ಹೇಳು."

"ಮಾಲ್ಟ್ ಒಂದು, ನ್ಯಾನ್" ಎಂದ ಕ್ಲೆಮ್. ಮೆಲ್ಲಗೆ ಹೇಳಿದ್ದು ಅರ್ಧ ಜನಕ್ಕೆ ಕೇಳಿಸಲೇ ಇಲ್ಲ.

ಅವಳು ಗ್ಲಾಸು ಹಿಡಿದ ಕೈಯಲ್ಲೇ ತೆರೆದ ಬಾಗಿಲ ಕಡೆ, ದಿಬ್ಬದ ಕಡೆ ತೋರಿಸಿದಳು. "ಅಲ್ಲಿ ನಿಂತು ಜೋರಾಗಿ ಹೇಳೋ. ಕಾರ್ಲ್‌ಗೆ ಕೇಳಿಸ್ಬೇಕು."

ಕ್ಲೆಮ್ ಬಾಗಿಲಿಗೆ ಹೋದ, ಟೋಪಿ ತೆಗೆದ, ಎದೆ ತುಂಬ ಉಸಿರೆಳೆದುಕೊಂಡು ಹೊಲದ ಮೇಲಿಂದ ದಿಬ್ಬಕ್ಕೆ ಮುಟ್ಟುವ ಹಾಗೆ ಕೂಗಿದ:

"ಹೈನ್‌ರಿಕ್! ಮಾಲ್ಟ್ ಒಂದು!"